ಶನಿವಾರ ರಾತ್ರಿ ಯಾರೇ ರೈಲು ಹತ್ತಿದರೂ: ಧರ್ಮಕೇಂದ್ರದ ಗಾನವೃಂದಕ್ಕೆ ಮೂರು ವರ್ಷದ ಯೋಜನೆ ಹಾಕುವ ಬಗೆ

ನಮ್ಮ ಚರ್ಚಿನ ಗಾನವೃಂದದ ಕೀಬೋರ್ಡ್ ವಾದಕನಿಗೆ ಅಹಮದಾಬಾದಿಗೆ ವರ್ಗವಾಯಿತು. ಗುರುವಾರ ಆದೇಶ ಬಂತು, ಶನಿವಾರ ರಾತ್ರಿ ಹುಡುಗ ರೈಲು ಹತ್ತಿದ. ಭಾನುವಾರ ಬೆಳಿಗ್ಗೆ ಕನ್ನಡ ಬಲಿಪೂಜೆಗೆ (ಮಾಸ್) ಹತ್ತು ನಿಮಿಷ ಇರುವಾಗ ಒಂದೊಂದೇ ಸಂಗತಿ ಹೊರಬಿತ್ತು. ಯಾವ ಹಾಡು ಯಾವ ಶ್ರುತಿಗೆ ಎಂಬುದು ಅವನ ತಲೆಯಲ್ಲಿತ್ತು. ಬೈಬಲಿನ ವಾಚನಗಳ ನಡುವೆ ಹಾಡುವ ಆ ವಾರದ ಕೀರ್ತನೆಯ ಧಾಟಿ ಅವನ ಮೊಬೈಲಿನಲ್ಲಿತ್ತು. ಮೈಕು, ವೈರುಗಳನ್ನಿಟ್ಟ ಕಪಾಟಿನ ಕೀಲಿ ಅವನ ಕೀಲಿಗೊಂಚಲಿನಲ್ಲೇ ಉಳಿದು ಗುಜರಾತು ಸೇರಿತ್ತು. ಪ್ರವೇಶ ಗೀತೆಯನ್ನು ನಾನೇ ಎತ್ತಿಕೊಂಡೆ. ಎಷ್ಟು ಮೇಲೆ ಎತ್ತಿಕೊಂಡೆನೆಂದರೆ ಎರಡನೆಯ ಚರಣದ ಹೊತ್ತಿಗೆ ಹೆಂಗಸರೂ ಕೈಬಿಟ್ಟರು. ಪೂಜೆ ಮುಗಿದ ಮೇಲೆ ಫಾದರ್ ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಥಾಣೆಯ ಆಚೆಗಿನ ನಮ್ಮ ಕ್ಯಾಥೊಲಿಕ್ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಇಂಗ್ಲಿಷ್, ಕೊಂಕಣಿ, ಮರಾಠಿ ಪೂಜೆಗಳ ಸಾಲಿನಲ್ಲಿ ಕನ್ನಡಕ್ಕೂ ಒಂದು ಹೊತ್ತು ಸಿಕ್ಕಿದೆ. ಬರುವವರಲ್ಲಿ ಹಾಸನ, ಚಿಕ್ಕಮಗಳೂರು, ಮೈಸೂರು ಕಡೆಯವರಿದ್ದಾರೆ, ಹುಬ್ಬಳ್ಳಿ–ಬೆಳಗಾವಿ ಕಡೆಯವರಿದ್ದಾರೆ, ಕೊಂಕಣಿ ಮನೆಗಳಿಂದ ಮದುವೆಯಾಗಿ ಬಂದು ಕನ್ನಡದಲ್ಲಿ ಪ್ರಾರ್ಥಿಸಲು ಕಲಿತವರೂ ಇದ್ದಾರೆ. ಆ ಭಾನುವಾರದಿಂದ ಈಚೆಗೆ ಆರು ವರ್ಷಗಳಲ್ಲಿ ನಾವು ಮಾಡಿದ್ದು, ಕೆಡಿಸಿದ್ದು, ಮತ್ತೆ ಸರಿಪಡಿಸಿದ್ದು ಎಲ್ಲ ಸೇರಿ ಈ ಬರಹ. ಪುಣೆಯಲ್ಲೋ ವಾಸ್ಕೊದಲ್ಲೋ ಇರುವ ಕನ್ನಡ ಗುಂಪುಗಳಿಗೂ ಇದು ಹೊಂದೀತು. ಪ್ರೊಟೆಸ್ಟಂಟ್ ಸಭೆಯವರು ಪೂಜಾವಿಧಿಯ ಮಾತನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಬಹುದು. ಇಡೀ ಯೋಜನೆಗೆ ನಾವಿಟ್ಟುಕೊಂಡ ಅಳತೆಗೋಲು ಒಂದೇ: ಶನಿವಾರ ರಾತ್ರಿ ಯಾರೇ ರೈಲು ಹತ್ತಿದರೂ ಭಾನುವಾರ ಬೆಳಿಗ್ಗೆ ಜನ ಹಾಡಬೇಕು.

ಮೊದಲ ಹೆಜ್ಜೆ: ನಾಲ್ಕು ಭಾನುವಾರ ಕೊನೆಯ ಬೆಂಚು

ಯೋಜನೆ ಎಂದ ಕೂಡಲೇ ಸಮಿತಿ ಮಾಡುವವರಿದ್ದಾರೆ. ಮಾಡಬೇಡಿ, ಈಗಲೇ ಬೇಡ. ನಮ್ಮ ಮೊದಲ ಸಮಿತಿ ಮೂರು ಸಭೆ ಸೇರಿ ಗಾನವೃಂದದ ಸೀರೆಯ ಬಣ್ಣವನ್ನು ತೀರ್ಮಾನಿಸಿತು. ಬೇರೆ ಏನನ್ನೂ ತೀರ್ಮಾನಿಸಲಿಲ್ಲ.

ಅದರ ಬದಲು ಗಾನವೃಂದದ ಮುಖ್ಯಸ್ಥರು ನಾಲ್ಕು ಭಾನುವಾರ ಹಾಡದೆ, ಕೊನೆಯ ಬೆಂಚಿನಲ್ಲಿ, ಫ್ಯಾನಿನ ಸದ್ದಿನ ಕೆಳಗೆ ಕುಳಿತುಕೊಳ್ಳಬೇಕು. ಕೈಯಲ್ಲೊಂದು ಸಣ್ಣ ಪುಸ್ತಕ. ಪ್ರತಿ ಹಾಡಿನ ಎದುರು ಮೂರು ವಿಷಯ ಗುರುತು ಹಾಕಿ: ಮುಂದಿನ ಮೂರು ಬೆಂಚುಗಳಲ್ಲಿ ಎಷ್ಟು ಜನರ ತುಟಿ ಅಲ್ಲಾಡುತ್ತಿದೆ, ಎಲ್ಲಿ ನಿಲ್ಲಿಸಿದರು, ನಿಮಗೆ ಕೇಳುತ್ತಿರುವುದು ಜನರ ದನಿಯೋ ಸ್ಪೀಕರಿನ ದನಿಯೋ. ವೇದಿಕೆಯ ಬಳಿ ನಿಂತವರಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ಅಲ್ಲಿ ನಿಂತಾಗ ನಮ್ಮ ಹಾಡು ನಮಗೆ ಸೊಗಸಾಗಿಯೇ ಕೇಳುತ್ತದೆ.

ನನ್ನ ಪುಸ್ತಕದಲ್ಲಿ ದಾಖಲಾದದ್ದು ನನಗೇ ಮುಜುಗರ ತಂದಿತು. ನಾವು ವಾರಪೂರ್ತಿ ಅಭ್ಯಾಸ ಮಾಡಿದ ಪರಮಪ್ರಸಾದ (ಕಮ್ಯುನಿಯನ್) ಗೀತೆಗೆ ಮೂರು ಬೆಂಚಿನಲ್ಲಿ ಇಬ್ಬರು ಬಾಯಿ ಬಿಟ್ಟಿದ್ದರು. ಅಭ್ಯಾಸವನ್ನೇ ಮಾಡದ, ಕೊನೆಯಲ್ಲಿ ಸುಮ್ಮನೆ ಎತ್ತಿಕೊಂಡ ಹಳೆಯ ಮಾತೆ ಮರಿಯಮ್ಮನವರ ಹಾಡಿಗೆ ಹದಿನಾಲ್ಕು ಜನ.

ಎರಡನೆಯ ಹೆಜ್ಜೆ: ಯಾವುದನ್ನು ಮೊದಲು ಹಾಡಬೇಕು ಎಂಬ ಪಟ್ಟಿಯನ್ನು ತಿರುಗಿಸಿ

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಪೂಜಾವಿಧಿಯ ದಾಖಲೆ, ಜನ ಪೂಜೆಯಲ್ಲಿ ಪ್ರೇಕ್ಷಕರಾಗಿ ಕೂರದೆ ಪಾಲ್ಗೊಳ್ಳಬೇಕು ಎಂದಿತು. ಅವರವರ ನಾಡಿನ ಸಂಗೀತಕ್ಕೂ ಜಾಗ ಕೊಟ್ಟಿತು. ಅದರ ಬೆನ್ನಿಗೇ 1967ರ ಮಾರ್ಚ್‌ನಲ್ಲಿ ರೋಮಿನಿಂದ ಬಂದ ಸಂಗೀತದ ಸೂಚನಾಪತ್ರ ಇನ್ನೂ ನೇರವಾಗಿದೆ. ಹಾಡುವುದಕ್ಕೆ ಅದು ಮೂರು ಮೆಟ್ಟಿಲು ಹಾಕಿಕೊಡುತ್ತದೆ. ಮೊದಲ ಮೆಟ್ಟಿಲಿನಲ್ಲಿ ಗುರುಗಳ (ಫಾದರ್) ಮತ್ತು ಜನರ ನಡುವಿನ ಉತ್ತರ–ಪ್ರತ್ಯುತ್ತರ, ‘ಪರಮ ಪವಿತ್ರರು’ ಎಂಬ ಸ್ತುತಿ, ನಮ್ಮ ತಂದೆಯೇ ಪ್ರಾರ್ಥನೆ. ಎರಡನೆಯದರಲ್ಲಿ ಕರುಣಾ ಪ್ರಾರ್ಥನೆ, ಮಹಿಮಾ ಗೀತೆ, ‘ದೇವರ ಕುರಿಮರಿ’. ಪ್ರವೇಶ, ಕಾಣಿಕೆ, ಪರಮಪ್ರಸಾದದ ಹಾಡುಗಳು ಬರುವುದು ಮೂರನೆಯ ಮೆಟ್ಟಿಲಿಗೆ.

ನಾವು ನಡೆಸುತ್ತಿದ್ದದ್ದು ಸರಿಯಾಗಿ ಇದರ ತಲೆಕೆಳಗು. ಪ್ರವೇಶ ಗೀತೆಗೆ ತಬಲಾ, ಕೀಬೋರ್ಡು, ಕೊಳಲಿನ ಸದ್ದು ಬರುವ ಗುಂಡಿ. ‘ಪರಮ ಪವಿತ್ರರು’ ಬಂದಾಗ ಮಾತಿನಲ್ಲಿ ಹೇಳಿ ಮುಗಿಸುವುದು. ಆದ್ದರಿಂದ ಮೊದಲ ವರ್ಷ ಒಂದೇ ಒಂದು ಹಠ ಹಿಡಿದೆವು: ಒಂದೇ ಧಾಟಿಯ ‘ಪರಮ ಪವಿತ್ರರು’, ಒಂದೇ ಧಾಟಿಯ ‘ದೇವರ ಕುರಿಮರಿ’, ಎಂಟು ತಿಂಗಳು ಬದಲಿಸದೆ. ಗಾನವೃಂದದವರಿಗೆ ಬೇಸರ ಬಂತು. ಬರಲಿ. ಗಾನವೃಂದಕ್ಕೆ ಬೇಸರ ಬರುವ ಹೊತ್ತಿಗೆ ಜನಕ್ಕೆ ಆಗಷ್ಟೇ ಬಾಯಿಪಾಠವಾಗಿರುತ್ತದೆ.

ಇಷ್ಟು ಭದ್ರವಾದರೆ, ವಾದ್ಯವೇ ಇಲ್ಲದ ದಿನವೂ ಪೂಜೆಯ ಬೆನ್ನೆಲುಬು ನಿಲ್ಲುತ್ತದೆ.

ಮೂರನೆಯ ಹೆಜ್ಜೆ: ಎರಡನೆಯ ಆಳು

ಈಗ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಕೆಲಸಗಳನ್ನು ಎಡಗಡೆ ಬರೆಯಿರಿ. ಹಾಡುಗಳನ್ನು ಆರಿಸುವವರು, ಕೀರ್ತನೆ ಹಾಡುವವರು, ಶ್ರುತಿ ಎತ್ತಿಕೊಡುವವರು, ಕೀಬೋರ್ಡ್, ತಬಲಾ, ಮೈಕಿನ ವ್ಯವಸ್ಥೆ, ಪುಸ್ತಕ ಹಂಚುವವರು, ಪರದೆಯ ಮೇಲೆ ಸಾಹಿತ್ಯ ಹಾಕುವವರು, ಕೀಲಿ. ಹೌದು, ಕೀಲಿಯೂ ಒಂದು ಕೆಲಸ. ಪ್ರತಿಯೊಂದರ ಎದುರು ಎರಡು ಹೆಸರು. ಎರಡನೆಯ ಹೆಸರು ಸಿಗದ ಕಡೆಯೆಲ್ಲ ಕೆಂಪು ಶಾಯಿ. ಆ ಕೆಂಪು ಗುರುತುಗಳೇ ನಿಮ್ಮ ಮೂರು ವರ್ಷದ ಯೋಜನೆ, ಉಳಿದದ್ದೆಲ್ಲ ಅಲಂಕಾರ.

ಮುಂಬೈಯಲ್ಲಿ ಇನ್ನೊಂದು ಅಂಕಣ ಬೇಕು: ‘ಎಲ್ಲಿ ಮನೆ, ಎಷ್ಟು ದಿನ’. ಕಟ್ಟಡ ಪುನರಭಿವೃದ್ಧಿಗೆ ಹೋದರೆ ಒಂದು ಕುಟುಂಬ ಮೂರು–ನಾಲ್ಕು ವರ್ಷ ಬದ್ಲಾಪುರಕ್ಕೋ ಪನವೇಲಿಗೋ ಬಾಡಿಗೆಗೆ ಹೋಗುತ್ತದೆ. ಕೆಲವರು ಮರಳುವುದೇ ಇಲ್ಲ. ಹನ್ನೆರಡನೆಯ ತರಗತಿಯ ಹುಡುಗಿ ಮುಂದಿನ ಜೂನ್‌ಗೆ ಹಾಸ್ಟೆಲಿಗೆ. ಇದೆಲ್ಲ ಮೊದಲೇ ಗೊತ್ತಾಗುವ ಸಂಗತಿಗಳು. ಕೇಳುವುದಕ್ಕೆ ಸಂಕೋಚಪಟ್ಟು ನಾವು ಆಮೇಲೆ ಗಾಬರಿಯಾಗುತ್ತೇವೆ.

ಎರಡನೆಯ ಆಳನ್ನು ತಯಾರು ಮಾಡುವುದೆಂದರೆ ಪಕ್ಕದಲ್ಲಿ ಕೂರಿಸಿಕೊಳ್ಳುವುದಲ್ಲ. ತಿಂಗಳಿಗೊಂದು ಭಾನುವಾರ ಅವರೇ ಮಾಡಬೇಕು, ಮೊದಲನೆಯವರು ಜನರ ನಡುವೆ ಕುಳಿತಿರಬೇಕು. ನಮ್ಮ ತಬಲಾ ವಾದಕರಿಗೆ ಇದನ್ನು ಒಪ್ಪಿಸುವುದಕ್ಕೆ ಒಂದು ವರ್ಷ ಹಿಡಿಯಿತು. ಇಪ್ಪತ್ತೆರಡು ವರ್ಷ ನುಡಿಸಿದವರು. ‘ನನ್ನನ್ನು ಕಳಿಸುತ್ತಿದ್ದೀರಾ?’ ಎಂದರು. ಇಂಥ ಮಾತಿಗೆ ಸಭೆಯಲ್ಲಿ ಉತ್ತರ ಕೊಡಬಾರದು. ಮನೆಗೆ ಹೋಗಿ, ಚಹಾ ಕುಡಿದು, ಶಿಷ್ಯನನ್ನು ಅವರೇ ಆರಿಸಲಿ ಎಂದು ಬಿಡಬೇಕು. ಅವರು ಆರಿಸಿದ್ದು ನಾವು ಯಾರೂ ಎಣಿಸಿರದ ಹುಡುಗಿಯನ್ನು. ಅವಳ ಕೈ ಈಗ ಅವರಿಗಿಂತ ಹಗುರ.

ಶವಸಂಸ್ಕಾರದ ಗುಂಪು ಬೇರೆಯೇ ಇರಲಿ. ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ನೌಕರಿಯವರು ಯಾರೂ ಸಿಗುವುದಿಲ್ಲ. ನಿವೃತ್ತರು, ಮನೆಯಲ್ಲಿರುವ ಅಕ್ಕಂದಿರು ಸೇರಿ ಆರು ಜನ, ಬಾಯಿಪಾಠವಿರುವ ಎಂಟು ಹಾಡು, ವಾದ್ಯವಿಲ್ಲ. ದುಃಖದ ಮನೆಯಲ್ಲಿ ಹೊಸ ಹಾಡು ಯಾರಿಗೂ ಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ಹಾಡಿನ ರಿಜಿಸ್ಟರ್

ಇಲ್ಲಿ ಹೆಚ್ಚು ಹೊತ್ತು ಕೊಡಿ. ನಮ್ಮ ಕಪಾಟಿನಲ್ಲಿ ಮುದ್ರಿತ ಪುಸ್ತಕ, ಕೈಬರಹದ ನೋಟುಪುಸ್ತಕ, ಜೆರಾಕ್ಸ್ ಹಾಳೆ ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಹಾಡುಗಳಿದ್ದವು. ಒಂದು ವರ್ಷದಲ್ಲಿ ನಿಜವಾಗಿ ಹಾಡಿದ್ದು ತೊಂಬತ್ತು. ಜನಕ್ಕೆ ಪುಸ್ತಕ ನೋಡದೆ ಬರುತ್ತಿದ್ದದ್ದು ಇಪ್ಪತ್ತಾರು. ನಾವು ಎಪ್ಪತ್ತಕ್ಕೆ ಇಳಿಸಿದೆವು. ಹೊಸ ಹಾಡು ವರ್ಷಕ್ಕೆ ನಾಲ್ಕು ಮಾತ್ರ. ಪ್ರತಿಯೊಂದನ್ನೂ ಪೂಜೆಗೆ ಮುಂಚೆ ಐದು ನಿಮಿಷ ಜನಕ್ಕೆ ಕಲಿಸಿ, ಸತತವಾಗಿ ನಾಲ್ಕು ವಾರ ಹಾಡಿಸಬೇಕು.

ಯಾವುದನ್ನು ಕೈಬಿಡಬೇಕು? ನನ್ನದೊಂದು ಪರೀಕ್ಷೆ ಇದೆ. ಸಾಲನ್ನು ರಾಗವಿಲ್ಲದೆ, ಮಾತಾಡುವಂತೆ ಓದಿ. ಆಮೇಲೆ ಹಾಡಿ. ವಿದೇಶಿ ಸ್ತೋತ್ರಗಳ ಧಾಟಿಗೆ ಕನ್ನಡ ಪದಗಳನ್ನು ತುರುಕಿದ ಹಾಡುಗಳಲ್ಲಿ ಲಘು ಇರಬೇಕಾದಲ್ಲಿ ರಾಗ ಎಳೆಯುತ್ತದೆ, ಗುರು ಇರುವಲ್ಲಿ ಓಡುತ್ತದೆ. ‘ಕರುಣೆ’ ಎಂಬುದು ‘ಕರೂಣೆ’ ಆಗುತ್ತದೆ. ಅಂಥ ಕಡೆ ಜನರ ನಾಲಿಗೆ ತಾನಾಗಿಯೇ ತಡವರಿಸುತ್ತದೆ, ಅವರಿಗೆ ಕಾರಣ ಗೊತ್ತಿರುವುದಿಲ್ಲ ಅಷ್ಟೆ. ಮಂಗಳೂರಿನಲ್ಲಿ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಅಚ್ಚು ಹಾಕಿಸಿದವರು ಒಬ್ಬ ಪಾದ್ರಿ, ಕಿಟೆಲ್. ಕ್ರಿಸ್ತಚರಿತೆಯನ್ನು ಅವರು ಬರೆದದ್ದೂ ನಮ್ಮ ಛಂದಸ್ಸಿನಲ್ಲಿ. ಗುರು–ಲಘುವಿನ ಲೆಕ್ಕ ಚರ್ಚಿಗೆ ಹೊರಗಿನದು ಎನ್ನುವವರಿಗೆ ನಾನು ಅವರ ಹೆಸರು ಹೇಳುತ್ತೇನೆ.

ಇನ್ನು ಒಂದೇ ಸಾಹಿತ್ಯಕ್ಕೆ ಎರಡು ಧಾಟಿಯ ಜಗಳ. ಹಾಸನ ಕಡೆಯ ಅಜ್ಜಿಯರಿಗೆ ಬರುವ ಧಾಟಿ ಒಂದು, ಬೆಳಗಾವಿ ಕಡೆಯವರದು ಇನ್ನೊಂದು. ಯಾವುದು ಮೂಲ ಎಂದು ಹುಡುಕಲು ಹೋಗಬೇಡಿ, ಊರು ಊರೇ ಎದ್ದು ಬರುತ್ತದೆ. ನಮ್ಮಲ್ಲಿ ಎರಡನ್ನೂ ರೆಕಾರ್ಡ್ ಮಾಡಿಟ್ಟೆವು. ಸಾಧಾರಣ ಕಾಲದಲ್ಲಿ (ಹಬ್ಬದ ಕಾಲಗಳ ಹೊರಗಿನ ವಾರಗಳಲ್ಲಿ) ಒಂದು, ತಪಸ್ಸು ಕಾಲದಲ್ಲಿ (ಈಸ್ಟರಿಗೆ ಮುಂಚಿನ ನಲವತ್ತು ದಿನ) ನಿಧಾನಗತಿಯ ಇನ್ನೊಂದು. ಎಂಬತ್ತು ದಾಟಿದ ಒಬ್ಬ ಅಜ್ಜಿ ತಮ್ಮ ಧಾಟಿಯನ್ನು ಹಾಡಿ ಕೊಟ್ಟ ರೆಕಾರ್ಡಿಂಗ್ ನಮ್ಮ ಹತ್ತಿರ ಇದೆ. ಅಂಥವರು ನಿಮ್ಮಲ್ಲಿದ್ದರೆ ಈ ಲೇಖನ ಓದಿ ಮುಗಿಸುವ ಮುನ್ನ ಅವರ ಮನೆಗೆ ಹೋಗಿ ಬನ್ನಿ.

ಶ್ರುತಿಯನ್ನು ಬರೆದಿಡಿ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಒಂದು ವರವೂ ಹೌದು, ಶಾಪವೂ ಹೌದು. ಎಲ್ಲವನ್ನೂ ಬಿಳಿ ಒಂದರ (ಪಾಶ್ಚಾತ್ಯರ ಸಿ ಸ್ವರ) ಬೆರಳಿನಲ್ಲೇ ನುಡಿಸಿ, ಗುಂಡಿ ಒತ್ತಿ ಮೇಲೆ ಕೆಳಗೆ ಮಾಡಿಕೊಳ್ಳುವ ವಾದಕರು ಹೊರಟುಹೋದರೆ, ನಿಜವಾದ ಶ್ರುತಿ ಯಾವುದೆಂದು ಉಳಿದವರಿಗೆ ಗೊತ್ತಿರುವುದಿಲ್ಲ. ನಮಗಾದದ್ದೂ ಇದೇ. ಜನ ಹಾಡುವ ಹಾಡಿನ ಅತಿ ಮೇಲಿನ ಸ್ವರ ತಾರ ಸಪ್ತಕದ ಬಿಳಿ ಒಂದು, ಹೆಚ್ಚೆಂದರೆ ಬಿಳಿ ಎರಡನ್ನು ದಾಟಬಾರದು. ಅತಿ ಕೆಳಗಿನದು ಮಂದ್ರದ ಬಿಳಿ ಆರಕ್ಕಿಂತ ಇಳಿಯಬಾರದು. ಬೆಳಗಿನ ಪೂಜೆಯಾದರೆ ಇನ್ನೂ ಅರ್ಧ ಸ್ವರ ಕೆಳಗಿದ್ದರೆ ಒಳ್ಳೆಯದು. ಧ್ವನಿಮುದ್ರಿಕೆಯಲ್ಲಿ ಗಾಯಕಿ ಹಾಡಿದ ಶ್ರುತಿಯಲ್ಲೇ ಹಾಡಬೇಕೆಂಬ ಹುಚ್ಚೇ ನಮ್ಮ ಬೆಂಚುಗಳ ಮೌನಕ್ಕೆ ಅರ್ಧ ಕಾರಣ.

ರಿಜಿಸ್ಟರಿನಲ್ಲಿ ಪ್ರತಿ ಹಾಡಿಗೆ ಒಂದು ಪುಟ. ನಮ್ಮದರ ಒಂದು ಪುಟ ಹೀಗಿದೆ:

ಕ್ರಮಸಂಖ್ಯೆ: 31
ಬಳಕೆ: ಕಾಣಿಕೆ; ಸಾಧಾರಣ ಕಾಲ
ಶ್ರುತಿ: ಕರಿ ಒಂದು (ಟ್ರಾನ್ಸ್‌ಪೋಸ್ ಇಲ್ಲದೆ)
ತಾಳ: ದಾದರಾ, ನಡಿಗೆಯ ವೇಗ
ಎತ್ತುಗಡೆ: ಪಂಚಮದಿಂದ, ಪಲ್ಲವಿ ಎರಡು ಸಲ
ಎಚ್ಚರಿಕೆ: ಮೂರನೆಯ ಚರಣದಲ್ಲಿ ಜನ ಮುಂದೆ ಓಡುತ್ತಾರೆ, ಬಿಡಿ
ಕೊನೆಯ ಸಲ ಹಾಡಿದ್ದು: ದಿನಾಂಕ

ಇದು ಎರಡು ಪ್ರತಿ ಇರಲಿ. ಒಂದು ಚರ್ಚಿನ ಕಚೇರಿಯಲ್ಲಿ, ಒಂದು ಕಪಾಟಿನಲ್ಲಿ. ಮೊಬೈಲಿನಲ್ಲಿರುವುದು ಪ್ರತಿ ಎಂದು ಲೆಕ್ಕಕ್ಕಿಲ್ಲ.

ಲಿಪಿಯ ಪ್ರಶ್ನೆ

ಹೊರನಾಡಿನ ಕನ್ನಡ ಗಾನವೃಂದದ ಭವಿಷ್ಯ ನಿಂತಿರುವುದು ಇಲ್ಲಿಯೇ ಎಂದು ನನ್ನ ಅನುಭವ. ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆವು. ‘ಬಲಿ’ ಮತ್ತು ‘ಬಳಿ’ ಒಂದೇ ಆದವು. ‘ನಿನ್ನ ಬಳಿ ಬರುವೆ’ ಎಂದು ಹಾಡಬೇಕಾದ ಮಗು ‘ನಿನ್ನ ಬಲಿ’ ಎಂದು ಹಾಡಿದಾಗ ದೊಡ್ಡವರು ನಕ್ಕರು, ಮಗು ಮುಂದಿನ ವಾರ ಬರಲಿಲ್ಲ. ಆಮೇಲೆ ದೇವನಾಗರಿಗೆ ಬಂದೆವು, ಶಾಲೆಯಲ್ಲಿ ಮರಾಠಿ ಕಲಿಯುವುದರಿಂದ. ಮರಾಠಿಯಲ್ಲಿ ಳಕಾರ ಇದೆ, ಣಕಾರ ಇದೆ, ಅರ್ಧ ಗೆದ್ದಂತಾಯಿತು. ಆದರೆ ಹ್ರಸ್ವ ಎ, ಒ ಇಲ್ಲ. ‘ಕೊಡು’ ಎಂಬುದು ‘ಕೋಡು’ ಆಯಿತು. ದೇವರ ಬಳಿ ಶಾಂತಿಯನ್ನು ಕೇಳುವ ಬದಲು ಕೊಂಬು ಕೇಳಿದಂತೆ.

ಈಗ ಮಾಡುತ್ತಿರುವುದು ಇದು: ಪುಟದ ಎಡಗಡೆ ಕನ್ನಡ ಲಿಪಿ, ದೊಡ್ಡ ಅಕ್ಷರ, ಬಲಗಡೆ ದೇವನಾಗರಿ, ಹ್ರಸ್ವ ಎ–ಒ ಬರುವಲ್ಲಿ ಅಕ್ಷರದ ಕೆಳಗೆ ಒಂದು ಚುಕ್ಕೆ. ಜೊತೆಗೆ ಧರ್ಮೋಪದೇಶ ತರಗತಿಯ ಕೊನೆಯ ಹದಿನೈದು ನಿಮಿಷ, ಹಾಡಿನ ಮೂಲಕವೇ ಕನ್ನಡ ಅಕ್ಷರ. ಬಾಯಿಪಾಠವಿರುವ ಹಾಡನ್ನು ಎದುರಿಗಿಟ್ಟರೆ ಮಗು ಅಕ್ಷರವನ್ನು ಊಹಿಸಿಯೇ ಹಿಡಿಯುತ್ತದೆ. ಎರಡು ವರ್ಷದಲ್ಲಿ ಹನ್ನೊಂದು ಮಕ್ಕಳು ಬಲಗಡೆಯ ಅಂಕಣವನ್ನು ಬಿಟ್ಟುಬಿಟ್ಟರು. ಇಬ್ಬರು ತಾಯಂದಿರೂ ಕಲಿತರು, ಕೊಂಕಣಿ ಮನೆಯವರು, ಮಕ್ಕಳಿಗಿಂತ ಬೇಗ.

ಪರದೆಯ ಮೇಲೆ ಸಾಹಿತ್ಯ ಹಾಕುವುದಾದರೆ ಒಂದು ಸಲಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಬೇಡ.

ಐದನೆಯ ಹೆಜ್ಜೆ: ಮೂರು ವರ್ಷದ ಲೆಕ್ಕ

ಯೋಜನೆ ಮೂರೇ ವರ್ಷಕ್ಕೆ ಯಾಕೆ? ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳುತ್ತವೆ. ಎ ವರ್ಷ ಮತ್ತಾಯನ ಶುಭಸಂದೇಶದ್ದು, ಬಿ ಮಾರ್ಕನದು, ಸಿ ಲೂಕನದು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಹೊಸ ವರ್ಷ ಶುರು. ಇಸವಿಯ ಸಂಖ್ಯೆ ಮೂರರಿಂದ ಶೇಷವಿಲ್ಲದೆ ಭಾಗವಾದರೆ ಅದು ಸಿ ವರ್ಷ. ಹಾಗಾಗಿ 2025 ಸಿ, 2026 ಎ, 2027 ಬಿ. ಕೀರ್ತನೆಗಳೂ ವಾಚನಗಳ ಜೊತೆಯೇ ಬದಲಾಗುತ್ತವೆ. ಅಂದರೆ ಈ ವರ್ಷ ಕೂಡಿಸಿಟ್ಟ ಕೀರ್ತನೆಯ ಧಾಟಿ ಮೂರು ವರ್ಷದ ಮೇಲೆ ಮತ್ತೆ ಕೈಗೆ ಬರುತ್ತದೆ, ಬರೆದಿಟ್ಟಿದ್ದರೆ ಮಾತ್ರ.

ಪ್ರತಿ ವಾರ ಹೊಸ ಕೀರ್ತನೆ ಕಲಿಯಲು ಆಗದ ಗುಂಪು ಎದೆಗುಂದಬೇಕಿಲ್ಲ. ಒಂದೊಂದು ಕಾಲಕ್ಕೂ ಹೊಂದುವ ಸಾಮಾನ್ಯ ಕೀರ್ತನೆಗಳನ್ನು ಹಾಡಲು ಪೂಜಾವಿಧಿಯೇ ಅನುಮತಿ ಕೊಡುತ್ತದೆ. ಮೊದಲ ವರ್ಷ ಆಗಮನ, ಕ್ರಿಸ್ಮಸ್, ತಪಸ್ಸು, ಪಾಸ್ಖ (ಈಸ್ಟರ್), ಸಾಧಾರಣ ಕಾಲ ಇಷ್ಟಕ್ಕೆ ಒಂದೊಂದು ಕೀರ್ತನೆಯನ್ನು ಚೆನ್ನಾಗಿ ಕಲಿಯಿರಿ. ಎರಡನೆಯ ವರ್ಷ ಹಬ್ಬಗಳದನ್ನು ಸೇರಿಸಿ. ಮೂರನೆಯ ವರ್ಷ ಭಾನುವಾರಗಳಿಗೆ ಕೈಹಾಕಿ. ನಾವು ಪಲ್ಲವಿಯನ್ನು ಭಜನೆಯ ಹಾಗೆ ಎರಡು ಸಾಲಿಗೆ ಕಟ್ಟಿಕೊಳ್ಳುತ್ತೇವೆ. ಒಬ್ಬರು ಹೇಳಿಕೊಡುವುದು, ಎಲ್ಲರೂ ತಿರುಗಿ ಹೇಳುವುದು. ಊರಿನಲ್ಲಿ ಭಜನೆ ಕೇಳಿ ಬೆಳೆದ ಜನಕ್ಕೆ ಇದನ್ನು ಕಲಿಸಬೇಕಾಗಿಯೇ ಇಲ್ಲ.

ತಪಸ್ಸು ಕಾಲವನ್ನು ಯೋಜನೆಯಲ್ಲಿ ಜಾಣತನದಿಂದ ಬಳಸಿ. ಆ ನಲವತ್ತು ದಿನ ಅಲ್ಲೆಲೂಯ ಇಲ್ಲ, ಮಹಿಮಾ ಗೀತೆ ಹಬ್ಬಗಳಂದು ಮಾತ್ರ, ವಾದ್ಯ ಗಾಯನಕ್ಕೆ ಆಸರೆಯಾಗಿ ಮಾತ್ರ. ಪವಿತ್ರ ಗುರುವಾರದ ಮಹಿಮಾ ಗೀತೆಯಿಂದ ಪಾಸ್ಖ ಜಾಗರಣೆಯ ಮಹಿಮಾ ಗೀತೆಯ ತನಕವೂ ಅಷ್ಟೇ. ನಾವು ವರ್ಷಕ್ಕೊಮ್ಮೆ ತಪಸ್ಸು ಕಾಲದಲ್ಲಿ ಕೀಬೋರ್ಡನ್ನು ಪೂರ್ತಿ ಮುಚ್ಚಿಡುತ್ತೇವೆ. ಜನರ ದನಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂದು ಆಗ ಕೇಳಿಸುತ್ತದೆ.

ಆರನೆಯ ಹೆಜ್ಜೆ: ಮಕ್ಕಳಿಗೆ ಓದಲು ಕಲಿಸಿ, ಸ್ವರವನ್ನೂ

ಗೋವೆಯ ಧರ್ಮಕೇಂದ್ರಗಳಲ್ಲಿ ಪೋರ್ಚುಗೀಸರ ಕಾಲದಿಂದ ಮೆಸ್ತ್ರಿ ಎಂಬುವರು ಇರುತ್ತಿದ್ದರು. ಚರ್ಚಿನ ಶಾಲೆಯಲ್ಲಿ ಹುಡುಗರಿಗೆ ಸ್ವರಲಿಪಿ, ಗಾಯನ, ಪಿಟೀಲು ಹೇಳಿಕೊಡುವುದು ಅವರ ಕೆಲಸ. ಮುಂಬೈಯ ಹಿಂದಿ ಚಿತ್ರರಂಗದ ವಾದ್ಯವೃಂದಗಳಲ್ಲಿ ಅಷ್ಟೊಂದು ಗೋವೆಯವರು ತುಂಬಿಕೊಂಡದ್ದು ಆ ಶಾಲೆಗಳಿಂದಾಗಿ. ಬರೆದದ್ದನ್ನು ನೋಡಿ ನುಡಿಸುವವರು ಅವರೇ ಇದ್ದರು. ಮಾಜೊರ್ಡಾದಿಂದ ಬಂದ ಆಂಥೊನಿ ಗೊನ್ಸಾಲ್ವಿಸ್ ಅವರ ಹತ್ತಿರ ಪಿಟೀಲು ಕಲಿತವರಲ್ಲಿ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಸಂಗೀತ ನಿರ್ದೇಶಕ ಪ್ಯಾರೇಲಾಲ್ ಒಬ್ಬರು.

ನಮ್ಮ ಕನ್ನಡ ಗುಂಪುಗಳಿಗೆ ಮೆಸ್ತ್ರಿ ಇರಲಿಲ್ಲ. ಕಿವಿಯಿಂದ ಕಿವಿಗೆ ಬಂದದ್ದು, ಆದ್ದರಿಂದ ಒಬ್ಬರ ಜೊತೆಗೇ ಹೋಗುವುದು. ನಾನು ಹೇಳುವುದು ಪಾಶ್ಚಾತ್ಯ ಸ್ವರಲಿಪಿಯನ್ನೇ ಕಲಿಸಿ ಎಂದಲ್ಲ. ಮುಂಬೈಯವರೇ ಆದ ಹಿಂದೂಸ್ತಾನಿ ಸಂಗೀತದ ವಿದ್ವಾಂಸ ಭಾತಖಂಡೆಯವರು ರೂಪಿಸಿದ ಪದ್ಧತಿ ಸಾಕು: ಕೋಮಲ ಸ್ವರಕ್ಕೆ ಕೆಳಗೆ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ಗೀಟು, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಕನ್ನಡ ಅಕ್ಷರದಲ್ಲೇ ಬರೆಯಬಹುದು. ಹತ್ತು ವರ್ಷದ ಮಗು ಆರು ತಿಂಗಳಲ್ಲಿ ಒಂದು ಪಲ್ಲವಿಯನ್ನು ನೋಡಿ ಹಾಡುತ್ತದೆ.

ನಿಮ್ಮಲ್ಲೇ ಕಲಿತವರು ಯಾರಿದ್ದಾರೆ ಎಂದು ಹುಡುಕಿ. ಕಟ್ಟಡದ ಕೆಳಗಿನ ತರಗತಿಯಲ್ಲಿ ಹಾರ್ಮೋನಿಯಂ ಕಲಿತು ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆ ಕಟ್ಟುವ ಮಗು, ಟ್ರಿನಿಟಿಯ ಪಿಯಾನೊ ಪರೀಕ್ಷೆಗೆ ಕೂರುವ ಮಗು ನಿಮ್ಮ ಬೆಂಚುಗಳಲ್ಲೇ ಇರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ಅವರನ್ನು ಕರೆಯಬೇಡಿ; ಫೆಬ್ರುವರಿಯಲ್ಲಿ ಒತ್ತಾಯಿಸಿದ ಗಾನವೃಂದಕ್ಕೆ ಜೂನ್‌ನಲ್ಲಿ ಮಗು ಸಿಗುವುದಿಲ್ಲ.

ಮಕ್ಕಳ ಅಭ್ಯಾಸದಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು, ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಬೇಕು, ಮಕ್ಕಳಿಗೆ ನೇರ ಸಂದೇಶ ಕಳಿಸದೆ ಪೋಷಕರ ಗುಂಪಿಗೇ ಕಳಿಸಬೇಕು. ಇದರಲ್ಲಿ ‘ನಮ್ಮವರೇ ಅಲ್ಲವೇ’ ಎಂಬ ಮಾತಿಗೆ ಜಾಗವಿಲ್ಲ.

ಏಳನೆಯ ಹೆಜ್ಜೆ: ಮೆಗಾಬ್ಲಾಕ್, ಮಳೆ, ಮೈಕು

ಅಭ್ಯಾಸದ ಹೊತ್ತನ್ನು ರೈಲಿನ ವೇಳಾಪಟ್ಟಿ ನೋಡಿ ಇಡಿ. ಭಾನುವಾರದ ಮೆಗಾಬ್ಲಾಕ್ (ಹಳಿಗಳ ದುರಸ್ತಿಗಾಗಿ ಲೋಕಲ್ ರೈಲುಗಳ ಓಡಾಟ ಕಡಿತ) ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಆಸುಪಾಸಿನಿಂದ ಸಂಜೆ ನಾಲ್ಕರ ತನಕ ನಡೆಯುತ್ತದೆ. ದಿವಾ, ಡೊಂಬಿವಲಿಯಿಂದ ಬರುವವರಿಗೆ ಪೂಜೆಯ ನಂತರದ ಅಭ್ಯಾಸ ಎಂದರೆ ಇಡೀ ದಿನದ ಅಂತ್ಯ. ನಾವು ಪೂಜೆಗೆ ಮುಂಚೆ ನಲವತ್ತು ನಿಮಿಷ ಸೇರುತ್ತೇವೆ. ವಾರದ ನಡುವೆ ಯಾರನ್ನೂ ಕರೆಯುವುದಿಲ್ಲ, ಎರಡು ನಿಮಿಷದ ಧ್ವನಿಮುದ್ರಣ ಕಳಿಸುತ್ತೇವೆ, ಬರೀ ದನಿ ಮತ್ತು ಶ್ರುತಿ. ಹಬ್ಬಕ್ಕೆ ಮಾತ್ರ ಒಂದು ಶನಿವಾರ ಸಂಜೆ, ಮತ್ತು ಆ ಸಂಜೆ ವಡಾಪಾವ್ ಕಡ್ಡಾಯ.

ಜೂನ್‌ನಿಂದ ಸೆಪ್ಟೆಂಬರ್ ತನಕ ವಾದ್ಯಗಳಿಗೆ ಕೇಡುಗಾಲ. ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂನ ಕೀಲಿಮಣೆ ಉಬ್ಬಿ ಅಂಟಿಕೊಳ್ಳುತ್ತದೆ, ಕೀಬೋರ್ಡಿನ ಒಳಗೆ ತೇವ ಸೇರಿ ಕೆಲವು ಸ್ವರದ ಮನೆಗಳು ಮೂಕವಾಗುತ್ತವೆ. ಮುಚ್ಚಿದ ಕಪಾಟು, ಸಿಲಿಕಾ ಜೆಲ್ ಚೀಲಗಳು, ಗೋಡೆಗೆ ತಾಗದಂತೆ ನೆಲದಿಂದ ಎತ್ತರದ ಹಲಗೆ. ಮಳೆಗೆ ಮುಂಚೆ ಮೇ ಕೊನೆಯಲ್ಲಿ ಒಮ್ಮೆ ಸರ್ವಿಸ್. ಧೋಬಿ ತಲಾವಿನ ಸಂಗೀತದ ಅಂಗಡಿಗಳಲ್ಲಿ ಕೇಳಿದರೆ ದುರಸ್ತಿಯವರ ದಾರಿ ತೋರಿಸುತ್ತಾರೆ. ಹೊಸ ಕೀಬೋರ್ಡ್ ಕೊಡಿಸುತ್ತೇನೆ ಎಂಬ ದಾನಿ ಬಂದರೆ, ಮೊದಲು ಒಳ್ಳೆಯ ಎರಡು ಮೈಕು, ಸ್ಟ್ಯಾಂಡು, ಒಂದು ಕಪಾಟು ಕೊಡಿಸಿ ಎನ್ನಿ. ಫಲಕದ ಮೇಲೆ ಹೆಸರು ಹಾಕಿಸುವುದಕ್ಕೆ ಕಪಾಟು ಒಳ್ಳೆಯ ಜಾಗ.

ಗಾನವೃಂದಕ್ಕೆ ಎರಡೇ ಮೈಕು ಸಾಕು. ಆರು ಮೈಕು ಹಿಡಿದು ಆರು ಜನ ನಿಂತರೆ ಜನ ಕೇಳುಗರಾಗುತ್ತಾರೆ. ಹೊರಗೆ ಮೈದಾನದಲ್ಲಿ ಕ್ರಿಸ್ಮಸ್ ಅಥವಾ ಪಾಸ್ಖ ಜಾಗರಣೆಯ ಪೂಜೆ ಇಟ್ಟರೆ 2000ದ ಶಬ್ದಮಾಲಿನ್ಯ ನಿಯಮಗಳನ್ನು ನೆನಪಿಡಿ: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಹೊರಗಡೆ ಧ್ವನಿವರ್ಧಕ ಇಲ್ಲ, ಸರಕಾರ ವಿನಾಯಿತಿ ಕೊಟ್ಟ ದಿನಗಳಲ್ಲಿ ಮಧ್ಯರಾತ್ರಿಯ ತನಕ. ವಿನಾಯಿತಿಯ ದಿನಗಳ ಪಟ್ಟಿಯನ್ನು ನೋಡಿಯೇ ಕ್ಯಾರಲ್‌ಗಳ ಹೊತ್ತನ್ನು ನಿಗದಿ ಮಾಡಿ.

ಎಂಟನೆಯ ಹೆಜ್ಜೆ: ದುಡ್ಡು ಮತ್ತು ಹಕ್ಕು

ಧರ್ಮಕೇಂದ್ರದ ಹಣಕಾಸು ಸಮಿತಿಯ ಮುಂದೆ ವರ್ಷಕ್ಕೊಂದು ಪುಟದ ಬೇಡಿಕೆ ಇಡಿ: ದುರಸ್ತಿ, ಪುಸ್ತಕ, ಮಕ್ಕಳ ತರಗತಿ, ದೂರದಿಂದ ಬರುವ ವಾದಕನ ಪ್ರಯಾಣ. ಮದುವೆಗಳಿಂದ ಬರುವ ಸಂಭಾವನೆಯನ್ನು ನೆಚ್ಚಿಕೊಂಡ ಗುಂಪುಗಳು ಮದುವೆಯ ಗುಂಪುಗಳಾಗಿಯೇ ಉಳಿಯುವುದನ್ನು ಕಂಡಿದ್ದೇನೆ. ವಾದಕನಿಗೆ ಗೌರವಧನ ಕೊಡುವುದು ಸೇವೆಗೆ ಅಪಚಾರ ಎಂದು ಕೆಲವರು ವಾದಿಸುತ್ತಾರೆ. ಅವರಲ್ಲಿ ಯಾರೂ ಭಾನುವಾರ ಐದೂವರೆಗೆ ಎದ್ದು ಕೀಬೋರ್ಡ್ ಹೊತ್ತು ಲೋಕಲ್ ಹತ್ತುವವರಲ್ಲ.

ಹಕ್ಕುಸ್ವಾಮ್ಯದ ಬಗ್ಗೆ ಅನಗತ್ಯ ಭಯವೂ ಇದೆ, ಅನಗತ್ಯ ಧೈರ್ಯವೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ನಿಜವಾದ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ ಅಡ್ಡಿ ಮಾಡುವುದಿಲ್ಲ. ಪುಸ್ತಕವನ್ನೇ ಇನ್ನೂರು ಪ್ರತಿ ಜೆರಾಕ್ಸ್ ಮಾಡಿ ಹಂಚುವುದು, ಹಾಡುಗಳ ಸಂಕಲನ ಅಚ್ಚು ಹಾಕಿ ಮಾರುವುದು ಬೇರೆ ಮಾತು. ಬರೆದವರು ತೀರಿಕೊಂಡು ಅರವತ್ತು ವರ್ಷವಾಗದಿದ್ದರೆ ಅನುಮತಿ ಬೇಕು. ಕೇಳಿದರೆ ಕನ್ನಡ ಭಕ್ತಿಗೀತೆ ಬರೆದವರು ಬಹುತೇಕ ಸಂತೋಷದಿಂದ ಕೊಡುತ್ತಾರೆ, ಹೆಸರು ಹಾಕಿ ಎನ್ನುತ್ತಾರೆ ಅಷ್ಟೆ. ಯೂಟ್ಯೂಬ್‌ಗೆ ಪೂಜೆಯನ್ನು ಹಾಕುವಾಗ ಬೇರೆಯವರ ಕರೋಕೆ ಟ್ರ್ಯಾಕ್ ಬಳಸಿದ್ದರೆ ಅಲ್ಲಿನ ಯಂತ್ರ ಹಿಡಿಯುತ್ತದೆ, ಕಾನೂನಿನ ಕಲಮು ಅದಕ್ಕೆ ಅರ್ಥವಾಗುವುದಿಲ್ಲ. ಟ್ರ್ಯಾಕ್ ಬೇಡ ಎನ್ನಲು ನನಗೆ ಇನ್ನೂ ದೊಡ್ಡ ಕಾರಣವಿದೆ: ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಬೆಂಚಿನಲ್ಲಿರುವ ಅಜ್ಜನಿಗಂತೂ ಅಲ್ಲ.

ಒಂಬತ್ತನೆಯ ಹೆಜ್ಜೆ: ಫಾದರ್ ಬದಲಾಗುವ ಮುನ್ನ

ಗುರುಗಳಿಗೂ ವರ್ಗವಾಗುತ್ತದೆ. ಒಬ್ಬ ಫಾದರ್ ಹಾಡು ಇಷ್ಟಪಡುತ್ತಾರೆ, ಮುಂದಿನವರು ಪೂಜೆ ಐವತ್ತು ನಿಮಿಷಕ್ಕೆ ಮುಗಿಯಬೇಕೆನ್ನುತ್ತಾರೆ. ಮುಂದಿನ ಪೂಜೆಯವರು ಹೊರಗೆ ಕಾಯುತ್ತಿರುವಾಗ ಅವರ ಮಾತೂ ಸರಿಯೇ. ಯೋಜನೆಯನ್ನು ಎರಡು ಪುಟಕ್ಕೆ ಇಳಿಸಿ, ಪಾಲನಾ ಸಮಿತಿಯಲ್ಲಿ ಓದಿ, ನಡಾವಳಿಯಲ್ಲಿ ಸೇರಿಸಿ. ಹೊಸಬರು ಬಂದ ಮೊದಲ ತಿಂಗಳಲ್ಲಿ ಗಾನವೃಂದದಿಂದ ಇಬ್ಬರು ಹೋಗಿ ಆ ಎರಡು ಪುಟ ಕೊಡಿ. ಬೇಡಿಕೆ ಇಡಬೇಡಿ. ಅವರಿಗೆ ಯಾವ ಶ್ರುತಿ ಒಗ್ಗುತ್ತದೆ ಎಂದು ಕೇಳಿ. ಗುರುಗಳು ತಮ್ಮ ಭಾಗವನ್ನು ಹಾಡಿದರೆ ಜನ ತಮ್ಮ ಭಾಗವನ್ನು ಹಾಡುತ್ತಾರೆ. ಕನ್ನಡ ಸರಿಯಾಗಿ ಬಾರದ ಫಾದರ್ ಆದರೆ ಆ ಎರಡು ಪುಟವನ್ನು ಇಂಗ್ಲಿಷ್‌ನಲ್ಲೂ ಬರೆದುಕೊಡಿ, ಅವರ ಉತ್ತರ–ಪ್ರತ್ಯುತ್ತರಗಳನ್ನು ಅವರಿಗೆ ಓದಲು ಬರುವ ಲಿಪಿಯಲ್ಲಿ ದೊಡ್ಡದಾಗಿ ಅಚ್ಚು ಮಾಡಿಕೊಡಿ.

ಕೊನೆಯ ಹೆಜ್ಜೆ: ನೀವು ಗೈರಾಗುವ ಭಾನುವಾರ

ಮೂರು ತಿಂಗಳಿಗೊಮ್ಮೆ ಗಾನವೃಂದದ ಮುಖ್ಯಸ್ಥರು ಹೇಳದೆ ಕೇಳದೆ ಗೈರಾಗಬೇಕು. ಕಾಯಿಲೆ ಎಂದು ಸುಳ್ಳು ಹೇಳುವುದು ಬೇಡ. ‘ಈ ತ್ರೈಮಾಸಿಕದಲ್ಲಿ ಒಂದು ದಿನ ನಾನು ಬರುವುದಿಲ್ಲ, ಯಾವ ದಿನ ಎಂದು ಹೇಳುವುದಿಲ್ಲ’ ಎಂದು ಮೊದಲೇ ತಿಳಿಸಿರಿ. ಆ ದಿನ ಫೋನ್ ಆರಿಸಿಟ್ಟು ಬೇರೆ ಹೊತ್ತಿನ ಪೂಜೆಗೆ ಹೋಗಿ. ಎಲ್ಲಿ ತಡವರಿಸಿತು ಎಂಬುದನ್ನು ಉಳಿದವರು ಒಂದು ಚೀಟಿಯಲ್ಲಿ ಬರೆದು ರಿಜಿಸ್ಟರಿನೊಳಗೆ ಇಡಬೇಕು. ನೀವು ಅದನ್ನು ಓದಿ, ಆ ಕೆಲಸದ ಎರಡನೆಯ ಆಳನ್ನು ಗಟ್ಟಿ ಮಾಡಬೇಕು.

ನಾನು ಮೊದಲ ಸಲ ಗೈರಾದ ದಿನ ಬೆಳಗಿನ ಮರಾಠಿ ಪೂಜೆಗೆ ಹೋಗಿ, ಮನೆಗೆ ಬಂದು, ಗಡಿಯಾರ ನೋಡುತ್ತಾ ಕುಳಿತಿದ್ದೆ. ಈಗ ಕೀರ್ತನೆ, ಈಗ ಕಾಣಿಕೆ ಎಂದು ಲೆಕ್ಕ ಹಾಕುತ್ತಾ. ಸಂಜೆ ಹೋಗಿ ರಿಜಿಸ್ಟರ್ ತೆಗೆದು ನೋಡಿದರೆ ತಬಲಾದ ಹುಡುಗಿಯ ಕೈಬರಹದಲ್ಲಿ ಚೀಟಿ ಇತ್ತು: ‘ಕೀರ್ತನೆಯನ್ನು ಬಿಳಿ ಒಂದರ ಬದಲು ಬಿಳಿ ಎರಡರಲ್ಲಿ ಎತ್ತಿದೆವು, ಅಂಕಲ್. ಯಾರೂ ನಿಲ್ಲಿಸಲಿಲ್ಲ. ಕಪಾಟಿನ ಎರಡನೆಯ ಕೀಲಿ ತಿರುಗುತ್ತಿಲ್ಲ, ಹೊಸದು ಮಾಡಿಸಬೇಕು.’ ಸೋಮವಾರ ಸ್ಟೇಷನ್ನಿನ ಹೊರಗೆ ಕೂರುವ ಕೀಲಿಯವನ ಹತ್ತಿರ ಮೂರು ನಕಲು ಮಾಡಿಸಿದೆ.